ಹೆಬ್ಬೆರಳಿನ ಹದ

ಪರದೇಶದಿಂದ ಬರುವ ಅಂಟಿನ ಪುಡಿ ನೂರು ಗ್ರಾಮಿಗೆ ಹದಿನೆಂಟು ಸಾವಿರ ರೂಪಾಯಿ. ಅದನ್ನು ಕರಗಿಸುವ ದ್ರಾವಣ ಲೀಟರಿಗೆ ನಾಲ್ಕು ಸಾವಿರದ ಇನ್ನೂರು. ಗಾಳಿ ಸೋಕಿದರೆ ಕಪ್ಪಾಗುವ, ನೀರು ಸೋಕಿದರೆ ರೇಗುವ ಲಿಥಿಯಂ ಪಟ್ಟಿ, ಅಂಗೈ ಅಗಲದ್ದು, ಹನ್ನೊಂದು ಸಾವಿರ. ಆ ಪಟ್ಟಿಗೆ ಗಾಳಿ ಸೋಕದಂತೆ ಕಾಯಲು ರಬ್ಬರ್ ಕೈಗಳಿರುವ ಗಾಜಿನ ಪೆಟ್ಟಿಗೆ ಇಪ್ಪತ್ತನಾಲ್ಕು ಲಕ್ಷ. ಆ ಪೆಟ್ಟಿಗೆಯ ಗಾಜನ್ನು ದಿನಾ ಒರೆಸುವ ಪುಟ್ಟಲಿಂಗಮ್ಮನಿಗೆ ದಿನಕ್ಕೆ ತೊಂಬತ್ತೆರಡು ರೂಪಾಯಿ. ಭಾನುವಾರ ಅದೂ ಇಲ್ಲ.

ಇದು ಎರಡು ಸಾವಿರದ ಎಂಟನೇ ಇಸವಿಯ ಡಿಸೆಂಬರಿನ ದರ. ಮೈಸೂರಿನ ಹುಣಸೂರು ರಸ್ತೆಯ ಕಡೆಗಿದ್ದ ಆ ಪದಾರ್ಥ ಸಂಶೋಧನಾ ಕೇಂದ್ರದಲ್ಲಿ ಪುಟ್ಟಲಿಂಗಮ್ಮ ದಿನಗೂಲಿಗೆ ಸೇರಿ ಒಂಬತ್ತು ವರ್ಷ ಐದು ತಿಂಗಳಾಗಿತ್ತು. ಅದಕ್ಕೂ ಮೊದಲು, ಏಳನೇ ವಯಸ್ಸಿನಿಂದ ಮೂವತ್ತಾರರವರೆಗೆ, ರಾಜೀವನಗರದ ಮನೆಯ ಮುಂಬಾಗಿಲಲ್ಲಿ ಕೂತು ಊದುಬತ್ತಿ ಹೊಸೆದಿದ್ದಳು. ಅಲ್ಲಿ ಬೆನ್ನು ನೋಯುತ್ತಿತ್ತು, ಇಲ್ಲಿ ಮಂಡಿ ನೋಯುತ್ತದೆ, ತನಗೆ ಸಿಕ್ಕ ಬಡ್ತಿ ಅಂದರೆ ಇದೇ ಎಂದು ಅವಳು ಗಂಡ ಸಣ್ಣಯ್ಯನ ಹತ್ತಿರ ನಗುತ್ತಿದ್ದಳು.

ಕೇಂದ್ರದಲ್ಲೊಂದು ನಿಯಮವಿತ್ತು. ಒಂದೇ ವಿಭಾಗದಲ್ಲಿ ಹತ್ತು ವರ್ಷ ತುಂಬಿಸಿದ ದಿನಗೂಲಿಯವರನ್ನು ಖಾಯಂ ಮಾಡಬೇಕು. ಅವಳಿಗೆ ಹತ್ತು ತುಂಬುವುದು ಜುಲೈ ಹನ್ನೆರಡಕ್ಕೆ. ಅವಳಿದ್ದ ಬ್ಯಾಟರಿ ವಿಭಾಗದ ಪ್ರಾಜೆಕ್ಟು ಮುಗಿಯುವುದು ಮಾರ್ಚ್ ಮೂವತ್ತೊಂದಕ್ಕೆ. ಪ್ರಾಜೆಕ್ಟು ಮುಚ್ಚಿದರೆ ವಿಭಾಗ ಮುಚ್ಚಿತು, ವಿಭಾಗ ಮುಚ್ಚಿದರೆ ಎಣಿಕೆ ಮತ್ತೆ ಒಂದರಿಂದ ಶುರು. ಕಚೇರಿ ಸೂಪರಿಂಟೆಂಡೆಂಟ್ ಸಿದ್ದಲಿಂಗಸ್ವಾಮಿ ಇದನ್ನು ಅವಳಿಗೆ ಬೆರಳು ಮಡಿಸಿ ಮಡಿಸಿ ವಿವರಿಸಿದ್ದರು. ಮೂರೂವರೆ ತಿಂಗಳು ಕಮ್ಮಿ ಬೀಳುತ್ತದೆ, ನಾನೇನು ಮಾಡಲಿ ಹೇಳು ಎಂದು ನಿಜವಾಗಿಯೂ ಮರುಗಿದ್ದರು. ಮರುಗುವುದಕ್ಕೆ ಯಾವ ಕಡತವೂ ಬೇಕಿರಲಿಲ್ಲ.

ಪ್ರಾಜೆಕ್ಟಿನ ಹೆಸರು ಬಾಗಿಲ ಮೇಲಿನ ಬೋರ್ಡಿನಲ್ಲಿ ಮೂರು ಸಾಲು ಉದ್ದವಿತ್ತು. ಪುಟ್ಟಲಿಂಗಮ್ಮ ಅದನ್ನು ತನಗೆ ಬೇಕಾದಷ್ಟು ಅರ್ಥಮಾಡಿಕೊಂಡಿದ್ದಳು. ಬ್ಯಾಟರಿಯೊಳಗೆ ಒಂದು ಕಪ್ಪು ಲೇಪ ಇರುತ್ತದೆ. ಆ ಲೇಪ ಕಣ್ಣಿಗೆ ಕಾಣದ ಹಾಳೆಗಳದ್ದು, ಈರುಳ್ಳಿ ಸಿಪ್ಪೆಯನ್ನು ಹತ್ತು ಸಾವಿರ ಸಲ ಸೀಳಿದಷ್ಟು ತೆಳು. ಒಂದು ಜಾತಿಯ ಹಾಳೆ ಪೆನ್ಸಿಲ್ ಸೀಸದಿಂದ ಬಿಡಿಸಿದ್ದು, ಇನ್ನೊಂದು ಜಾತಿಯದು ಯಾವುದೋ ಲೋಹಕ್ಕೆ ಗಂಧಕ ಸೇರಿಸಿ ಬೆಳೆಸಿದ್ದು. ಎರಡನ್ನೂ ಒಂದರ ಮೇಲೊಂದು ಪದರ ಪದರವಾಗಿ ಕೂರಿಸಬೇಕು. ಪದರಗಳ ನಡುವೆ ಸಂದು ಉಳಿದರೆ ಕರೆಂಟು ಸರ್ರನೆ ಒಳಗೆ ಹೋಗಿ ಕೂರುತ್ತದೆ, ಬ್ಯಾಟರಿ ಹತ್ತು ನಿಮಿಷಕ್ಕೆ ತುಂಬುತ್ತದೆ. ಆದರೆ ಲೇಪ ಒಣಗುವಾಗ ಆ ಹಾಳೆಗಳು ಹಸಿ ಹಪ್ಪಳದ ಹಾಗೆ ಒಂದಕ್ಕೊಂದು ಮೆತ್ತಿಕೊಂಡು ಕೂರುತ್ತಿದ್ದವು. ಸಂದು ಮುಚ್ಚಿದ ಮೇಲೆ ಕರೆಂಟು ಹೊರಗೇ ಕಾಯಬೇಕು. ಹತ್ತು ನಿಮಿಷದ ಬ್ಯಾಟರಿ ಐದು ಗಂಟೆ ತೆಗೆದುಕೊಳ್ಳುತ್ತಿತ್ತು.

ಹತ್ತು ನಿಮಿಷ ಎಂದು ಮೂರು ವರ್ಷದ ಹಿಂದೆ ಕಾಗದದ ಮೇಲೆ ಬರೆದುಕೊಟ್ಟವರು ಪ್ರೊಫೆಸರ್ ಸದಾಶಿವಯ್ಯ. ಲಕ್ಷ್ಮೀಪುರಂನಿಂದ ಹಳೇ ಸ್ಕೂಟರಿನಲ್ಲಿ, ಹಣೆಗೆ ಮೂರು ಎಳೆ ವಿಭೂತಿ ಧರಿಸಿ ಬರುತ್ತಿದ್ದ ಅವರು ಒಳ್ಳೆಯ ಮನುಷ್ಯ. ಸುಳ್ಳು ಹೇಳುವವರಲ್ಲ. ಮೊದಲ ವರ್ಷದ ವರದಿಯಲ್ಲಿ ‘ಗಣನೀಯ ಪ್ರಗತಿ’ ಎಂದು ಬರೆದರು. ಎರಡನೇ ವರ್ಷ ‘ಮತ್ತಷ್ಟು ಗಣನೀಯ ಪ್ರಗತಿ’ ಎಂದರು. ಮೂರನೇ ವರ್ಷ ದೆಹಲಿಯವರು ಪ್ರಗತಿಯನ್ನು ಕಣ್ಣಾರೆ ನೋಡುತ್ತೇವೆ ಎಂದು ಜನವರಿ ಎಂಟನೇ ತಾರೀಕು ಗೊತ್ತುಮಾಡಿದರು.

ಅದೇ ಹೊತ್ತಿಗೆ ಅಂಟಿನ ಪುಡಿ ಖಾಲಿಯಾಯಿತು.

ಪುಡಿ ತರಿಸುವ ಕಡತ ಕಚೇರಿಯಿಂದ ಆಕ್ಷೇಪಣೆ ಹೊತ್ತು ವಾಪಸು ಬಂತು. ಅಂಟು ಎಂಬ ವಸ್ತು ಸ್ಥಳೀಯವಾಗಿ ದೊರೆಯುತ್ತಿರುವಾಗ ಪರದೇಶದಿಂದ ತರಿಸುವ ಅಗತ್ಯವೇನು, ಸಮಜಾಯಿಷಿ ಕೊಡುವುದು. ಸದಾಶಿವಯ್ಯನವರು ಎರಡು ಪುಟ ಸಮಜಾಯಿಷಿ ಬರೆದರು. ಸಿದ್ದಲಿಂಗಸ್ವಾಮಿ ಅದನ್ನು ಓದಿ, ಕೆಲಸ ನಿಲ್ಲಬಾರದೆಂಬ ಕಾಳಜಿಯಿಂದ, ದೇವರಾಜ ಅರಸು ರಸ್ತೆಯ ಸ್ಟೇಷನರಿ ಅಂಗಡಿಯಿಂದ ಆರು ಬಾಟಲಿ ಗೋಂದು ತರಿಸಿ ಕಳಿಸಿದರು. ಪ್ರತಿ ಬಾಟಲಿಯ ಮುಚ್ಚಳದಲ್ಲಿ ಬ್ರಷ್ ಕೂಡ ಇತ್ತು.

ಆ ಬಾಟಲಿಗಳನ್ನು ಸಾಲಾಗಿ ಮೇಜಿನ ಮೇಲಿಟ್ಟುಕೊಂಡು ಭಾನುಪ್ರಿಯಾ ಅಳುತ್ತಿದ್ದಳು. ಪಿಎಚ್.ಡಿ.ಗೆ ಬಂದ ಹುಡುಗಿ, ಸದಾಶಿವಯ್ಯನವರ ಕೈಕೆಳಗೆ ನಾಲ್ಕು ವರ್ಷ ಸವೆಸಿದ್ದಳು. ಪುಟ್ಟಲಿಂಗಮ್ಮ ನೆಲ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಹತ್ತಿರ ಬಂದಳು. ಆ ಕಪ್ಪು ಪುಡಿಯನ್ನು ಒರಳಲ್ಲಿ ಅರೆದುಕೊಡುತ್ತಿದ್ದವಳು ಅವಳೇ, ಆದ್ದರಿಂದ ಏನೇನು ಸೇರುತ್ತದೆಂದು ಅವಳಿಗೆ ಗೊತ್ತಿತ್ತು. ಹಾಳೆ ಪುಡಿ, ಇದ್ದಿಲಿನಂಥ ಪುಡಿ, ಅಂಟು. ಅವಳ ಲೆಕ್ಕದಲ್ಲಿ ಅದು ಊದುಬತ್ತಿ ಮಸಾಲೆ. ಕಡ್ಡಿಗೆ ಮೆತ್ತುವ ಬದಲು ತಾಮ್ರದ ಹಾಳೆಗೆ ಮೆತ್ತುತ್ತಾರೆ, ಅಷ್ಟೆ.

"ಅಳಬ್ಯಾಡ ಕಣವ್ವ," ಅಂದಳು. "ಇದ್ದಿಲು ಅದೆ, ಪುಡಿ ಅದೆ. ಇಲ್ದೇ ಇರೋದು ಜಿಗಟು ತಾನೆ? ನಾಳೆ ತಂದ್ಬುಡ್ತೀನಿ ಬುಡು."

ಜಿಗಟು ಅಂದರೆ ಒಂದು ಮರದ ತೊಗಟೆಯ ಪುಡಿ. ನೀರು ಬಿದ್ದರೆ ಅಂಟು. ಊದುಬತ್ತಿಯ ಮಸಾಲೆ ಕಡ್ಡಿಯ ಮೇಲೆ ನಿಲ್ಲುವುದು ಅದರಿಂದ. ಮಂಡಿ ಮೊಹಲ್ಲಾದ ಹುಚ್ಚಣ್ಣನ ಅಂಗಡಿಯಲ್ಲಿ ಕಿಲೋಗೆ ಮೂವತ್ತೆರಡು ರೂಪಾಯಿ. ಪುಟ್ಟಲಿಂಗಮ್ಮ ಕಾಲು ಕಿಲೋ ತಂದಳು, ಅದೂ ಉಳಿದೀತು ಎಂದುಕೊಂಡು.

ಭಾನುಪ್ರಿಯಾಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಗೋಂದಿನ ಬಾಟಲಿಗಿಂತ ಕೆಟ್ಟದ್ದೇನೂ ಆಗಲಾರದು ಎನ್ನುವುದರಲ್ಲಿ ಇತ್ತು. ಪುಟ್ಟಲಿಂಗಮ್ಮ ಸೆರಗು ಸಿಕ್ಕಿಸಿಕೊಂಡು ಕೂತಳು. ನೀರನ್ನು ಅಳೆಯಲಿಲ್ಲ. ಚುಮುಕಿಸಿ ಅರೆದಳು, ಮತ್ತೆ ಚುಮುಕಿಸಿ ಅರೆದಳು. ನಡುನಡುವೆ ಚಿಟಿಕೆ ಮಸಾಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಬಿಡಿಸಿ ನೋಡಿದಳು. ಎಳೆ ಎದ್ದು, ಒಂದು ಬೆರಳಷ್ಟು ಬಂದು, ತಾನಾಗಿ ತುಂಡಾಗಬೇಕು. ಬೆರಳ ಮೇಲೆ ಹೊಳಪು ಉಳಿಯಬೇಕು, ಮಸಿ ಉಳಿಯಬಾರದು. ಆರನೇ ಸಲಕ್ಕೆ ಆಯಿತು ಎಂದಳು. ತಾಮ್ರಕ್ಕೆ ಬಳಿದರು, ನೀರಿನ ಪಸೆ ಹೋಗುವವರೆಗೆ ಒಲೆಯಲ್ಲಿ ಒಣಗಿಸಿದರು, ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಗಾಜಿನ ಪೆಟ್ಟಿಗೆಯೊಳಗೆ ಸೆಲ್ ಕಟ್ಟಿದರು.

ಸೆಲ್ಲು ಒಂಬತ್ತು ನಿಮಿಷಕ್ಕೆ ತುಂಬಿತು.

ಯಂತ್ರ ಕೆಟ್ಟಿದೆ ಎಂದು ಭಾನುಪ್ರಿಯಾ ಇನ್ನೊಂದು ಯಂತ್ರಕ್ಕೆ ಹಾಕಿದಳು. ಅಲ್ಲೂ ಒಂಬತ್ತು. ಅವಳು ಸದಾಶಿವಯ್ಯನವರ ಕೋಣೆಗೆ ಓಡಿದಳು. ಅವರು ಬಂದು ಪರದೆಯ ಮೇಲಿನ ಗೆರೆಯನ್ನು ಬಹಳ ಹೊತ್ತು ನೋಡಿದರು. ಆ ತೊಗಟೆಯ ಅಂಟು ನೀರಲ್ಲಿ ಉಬ್ಬಿ ಹಾಳೆಗಳ ನಡುವೆ ಹೋಗಿ ಕೂತಿದೆ, ಒಣಗಿದ ಮೇಲೂ ಅವನ್ನು ಮೆತ್ತಿಕೊಳ್ಳಲು ಬಿಟ್ಟಿಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಪುಟ್ಟಲಿಂಗಮ್ಮನ ಕಡೆ ತಿರುಗಿ, ಇದು ಯಾವ ಮರದ್ದು, ಅದರ ಶಾಸ್ತ್ರೀಯ ಹೆಸರೇನು ಎಂದು ಕೇಳಿದರು.

"ಹೆಸ್ರು ನಂಗೆ ತಿಳೀದು ಸಾರ್. ಹುಚ್ಚಣ್ಣನ ಅಂಗ್ಡೀಲಿ ಎಡಗಡೆ ಮೂಟೆ."

ಜನವರಿ ಎಂಟಕ್ಕೆ ಸಮಿತಿ ಬಂತು. ಐದು ಜನ, ಐದು ಹಾರ, ಐದು ಮೈಸೂರು ಪೇಟ. ಪೇಟ ತಲೆಯ ಮೇಲಿರುವಾಗಲೇ ಅಧ್ಯಕ್ಷರು ಸೆಲ್ ತುಂಬುವುದನ್ನು ಕೈಗಡಿಯಾರ ಹಿಡಿದು ನೋಡಿದರು. ಒಂಬತ್ತು ನಿಮಿಷ ಹತ್ತು ಸೆಕೆಂಡು. ಅಂಟು ಯಾವುದು ಎಂದು ಕೇಳಿದಾಗ ಸದಾಶಿವಯ್ಯನವರು ಸುಳ್ಳು ಹೇಳಲಿಲ್ಲ. ‘ಸ್ಥಳೀಯ ಮೂಲದ ಜೈವಿಕ ಪಾಲಿಮರ್’ ಎಂದರು. ಒಬ್ಬ ಸದಸ್ಯರು ಒಲೆಯ ಹತ್ತಿರ ಮೂಗರಳಿಸಿ, ಇಲ್ಲಿ ಗಂಧದ ವಾಸನೆ ಬರುತ್ತಿದೆಯಲ್ಲ ಎಂದರು. ಹುಚ್ಚಣ್ಣನ ಎಡಗಡೆ ಮೂಟೆಯ ಪಕ್ಕದ್ದೇ ಗಂಧದ ಪುಡಿಯ ಮೂಟೆ. ಸದಾಶಿವಯ್ಯನವರು ಮೈಸೂರು ಅಲ್ಲವೇ ಸಾರ್ ಎಂದರು. ಎಲ್ಲರಿಗೂ ಸಂತೋಷವಾಯಿತು.

ಆದರೆ ಅಧ್ಯಕ್ಷರು ಹಳೇ ಹುಲಿ. ನಿಮ್ಮ ಕೈಯಲ್ಲಿ ಆಗುವುದು ನೋಡಿದೆವು, ಬೇರೆಯವರ ಕೈಯಲ್ಲೂ ಆಗಬೇಕು ಎಂದರು. ಮೇಟಗಳ್ಳಿಯಲ್ಲಿ ಒಂದು ಖಾಸಗಿ ಬ್ಯಾಟರಿ ಕಾರ್ಖಾನೆ ಇತ್ತು. ನೀವು ಬರೆದುಕೊಟ್ಟ ವಿಧಾನದಿಂದ ಅವರು ಮಾರ್ಚ್ ಒಳಗೆ ಇಂಥದೇ ಸೆಲ್ ಮಾಡಿ ತೋರಿಸಿದರೆ ಪ್ರಾಜೆಕ್ಟು ಮುಂದುವರಿಯಲಿ, ಇಲ್ಲವಾದರೆ ಮುಚ್ಚಲಿ. ಪೇಟಗಳನ್ನು ಪೊಟ್ಟಣ ಕಟ್ಟಿಸಿಕೊಂಡು ವಿಮಾನ ಹತ್ತಲು ಬೆಂಗಳೂರಿಗೆ ಹೊರಟರು.

ಪುಟ್ಟಲಿಂಗಮ್ಮ ಲೋಟ ತೊಳೆಯುತ್ತ ಇದನ್ನೆಲ್ಲ ಕೇಳಿಸಿಕೊಂಡಳು. ಅವಳ ಮೂರೂವರೆ ತಿಂಗಳು ಈಗ ಮೇಟಗಳ್ಳಿಯವರ ಕೈಗೆ ಹೋಗಿತ್ತು.

ವಿಧಾನ ಬರೆದದ್ದು ಹನ್ನೊಂದು ಪುಟ. ಯಾವ ಪುಡಿ ಎಷ್ಟು ಗ್ರಾಂ, ಒಲೆ ಎಷ್ಟು ಡಿಗ್ರಿ, ತಾಮ್ರ ಎಷ್ಟು ದಪ್ಪ, ಎಲ್ಲವೂ ಇತ್ತು. ‘ಮಿಶ್ರಣವನ್ನು ತಕ್ಕಷ್ಟು ನೀರಿನೊಂದಿಗೆ ಹದವಾಗಿ ಅರೆಯುವುದು’ ಎಂಬ ಒಂದು ಸಾಲೂ ಇತ್ತು. ಹನ್ನೊಂದು ಪುಟದಲ್ಲಿ ಅದೊಂದೇ ಸಾಲನ್ನು ಯಾರೂ ಎರಡನೇ ಸಲ ಓದಲಿಲ್ಲ.

ಕಾರ್ಖಾನೆಯ ಉತ್ಪಾದನಾ ಇಂಜಿನಿಯರ್ ಶಿವರಾಮು ಶಿಸ್ತಿನ ಮನುಷ್ಯ. ಅವನ ಕಂಪನಿಯ ಖರೀದಿ ವಿಭಾಗ ಅವನಿಗಿಂತ ಶಿಸ್ತಿನದು. ಶುದ್ಧತೆಯ ಪ್ರಮಾಣಪತ್ರ ಇಲ್ಲದ ವಸ್ತು ಗೇಟಿನೊಳಗೆ ಬರುವಂತಿಲ್ಲ. ಹುಚ್ಚಣ್ಣನನ್ನು ಪ್ರಮಾಣಪತ್ರ ಕೇಳಿದಾಗ ಅವನು ಅಂಗಡಿಯ ಮೇಲಿದ್ದ ‘ಸ್ಥಾಪನೆ 1962’ ಎಂಬ ಬೋರ್ಡು ತೋರಿಸಿದ. ಕಡೆಗೆ ಅದೇ ಮರದ ಅಂಟನ್ನು ಶುದ್ಧ ಮಾಡಿ ಸೀಸೆಗೆ ತುಂಬಿದ್ದನ್ನು ಪರದೇಶದಿಂದ ತರಿಸಿದರು. ನೂರು ಗ್ರಾಮಿಗೆ ಇಪ್ಪತ್ತೊಂದು ಸಾವಿರ. ಇಲ್ಲಿಂದ ಹೋಗಿ, ಸ್ನಾನ ಮಾಡಿ, ಅದು ವಾಪಸು ಬಂದಿತ್ತು. ಅದರಿಂದ ಕಟ್ಟಿದ ಸೆಲ್ ತುಂಬಲು ನಾಲ್ಕು ಗಂಟೆ ಹಿಡಿಯಿತು.

ಆಮೇಲೆ ಹುಚ್ಚಣ್ಣನ ಜಿಗಟನ್ನೇ ‘ಮಾದರಿ’ ಎಂಬ ಚೀಟಿ ಅಂಟಿಸಿ ಗೇಟು ದಾಟಿಸಿದರು. ಯಂತ್ರದಲ್ಲಿ ಅರೆದರು. ಮೊದಲ ಸಲ ನೀರು ಹೆಚ್ಚಾಗಿ ಹಾಳೆಗಳು ತಳಕ್ಕೆ ಕೂತು ಮೆತ್ತಿಕೊಂಡವು. ಎರಡನೇ ಸಲ ನೀರು ಕಮ್ಮಿಯಾಗಿ ಲೇಪ ಒಣಗಿದ ಗದ್ದೆಯ ಹಾಗೆ ಬಿರುಕು ಬಿಟ್ಟು ತಾಮ್ರದಿಂದ ಉದುರಿತು. ಮಾರ್ಚ್ ಹದಿಮೂರಕ್ಕೆ ಶಿವರಾಮು ಕೇಂದ್ರಕ್ಕೆ ಬಂದು, ನಿಮ್ಮ ವಿಧಾನ ಸುಳ್ಳು ಎಂದು ಮುಖದ ಮೇಲೆ ಹೇಳಿದ.

ಸದಾಶಿವಯ್ಯನವರ ಮುಖ ವಿಭೂತಿಯ ಬಣ್ಣಕ್ಕೆ ತಿರುಗಿತು. ಅವರು ಭಾನುಪ್ರಿಯಾಳನ್ನು ನೋಡಿದರು. ಭಾನುಪ್ರಿಯಾ ಬಾಗಿಲ ಬಳಿ ಕಿಟಕಿ ಒರೆಸುತ್ತಿದ್ದ ಪುಟ್ಟಲಿಂಗಮ್ಮನನ್ನು ನೋಡಿದಳು. ಸಾರ್, ಅರೆದಿದ್ದು ನಾನಲ್ಲ ಎಂದಳು. ಹೇಳುವುದಕ್ಕೆ ಅವಳಿಗೆ ಎರಡು ತಿಂಗಳು ಹಿಡಿದಿತ್ತು, ಆದರೆ ಹೇಳಿದಳು.

ಪುಟ್ಟಲಿಂಗಮ್ಮನನ್ನು ಮೇಟಗಳ್ಳಿಗೆ ಕರೆದೊಯ್ಯಲು ಸಿದ್ದಲಿಂಗಸ್ವಾಮಿಯವರ ಕಚೇರಿ ಒಪ್ಪಲಿಲ್ಲ. ಹೊರಗೆ ತಾಂತ್ರಿಕ ಸಲಹೆಗೆ ಹೋಗುವವರು ಎಂ.ಎಸ್ಸಿ. ಆಗಿರಬೇಕೆಂದು ನಿಯಮ. ಇವಳು ಮೂರನೇ ಕ್ಲಾಸು. ಒಂದು ದಿನ ತಲೆ ಕೆರೆದುಕೊಂಡ ಮೇಲೆ ಸೂಪರಿಂಟೆಂಡೆಂಟರಿಗೇ ದಾರಿ ಹೊಳೆಯಿತು. ಭಾನುಪ್ರಿಯಾ ಸಲಹೆಗೆ ಹೋಗುವುದು, ಅವಳ ಉಪಕರಣ ಹೊರಲು ಒಬ್ಬ ಕೂಲಿಯಾಳು. ಕೂಲಿಯಾಳಿನ ಕೈಗೆ ಒಂದು ಖಾಲಿ ಪೆಟ್ಟಿಗೆಯನ್ನೂ ಕೊಟ್ಟು ಕಳಿಸಿದರು, ಯಾರಾದರೂ ಕೇಳಿದರೆ ಇರಲಿ ಎಂದು.

ಮೇಟಗಳ್ಳಿಯಲ್ಲಿ ಯಂತ್ರ ನಿಲ್ಲಿಸಿ ಅವಳಿಗೊಂದು ಒರಳು ಕೊಟ್ಟರು. ಶಿವರಾಮು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂತು, ನೀರು ಎಷ್ಟು ಎಂದು ಕೇಳಿದ. ಮಳೆಗಾಲದಲ್ಲಿ ಕಮ್ಮಿ, ಬೇಸಿಗೆಯಲ್ಲಿ ಜಾಸ್ತಿ ಎಂದಳು. ಅವನು ಬರೆದುಕೊಂಡು, ಜಾಸ್ತಿ ಅಂದರೆ ಎಷ್ಟು ಎಂದ. ಅದು ಬೆರಳಿಗೆ ಗೊತ್ತಾಗುತ್ತದೆ ಎಂದಳು. ಅವನು ಬರೆಯುವುದನ್ನು ನಿಲ್ಲಿಸಿದ. ಒಂದು ಮೂಟೆಯಂತೆ ಇನ್ನೊಂದು ಮೂಟೆ ಇರುವುದಿಲ್ಲ, ಹಳೇ ತೊಗಟೆ ನೀರು ಜಾಸ್ತಿ ಕುಡಿಯುತ್ತದೆ, ಎಳೇದು ಕಮ್ಮಿ ಎಂದು ಅವಳು ಮುಚ್ಚುಮರೆಯಿಲ್ಲದೆ ವಿವರಿಸಿದಳು. ಎಳೆ ಎದ್ದು ತುಂಡಾಗುವುದನ್ನು ತೋರಿಸಿದಳು. ಅವನ ಹೆಬ್ಬೆರಳು ಹಿಡಿದು ಮಸಾಲೆಯ ಮೇಲೆ ಒತ್ತಿದಳು. ಅವನ ಎಳೆ ತುಂಡಾಗದೆ ಮೊಣಕೈವರೆಗೆ ಬಂತು.

ಆ ದಿನದ ಲೇಪದಿಂದ ಕಟ್ಟಿದ ಹನ್ನೆರಡು ಸೆಲ್ಲುಗಳಲ್ಲಿ ಹನ್ನೊಂದು ಹತ್ತು ನಿಮಿಷದೊಳಗೆ ತುಂಬಿದವು. ಹನ್ನೆರಡನೆಯದು ಶಿವರಾಮು ಅರೆದದ್ದು.

ಮಾರ್ಚ್ ಇಪ್ಪತ್ತನಾಲ್ಕಕ್ಕೆ ಕೇಂದ್ರದ ಸಭಾಂಗಣದಲ್ಲಿ ಪುಟ್ಟಲಿಂಗಮ್ಮನನ್ನು ಕುರ್ಚಿಯ ಮೇಲೆ ಕೂರಿಸಿದರು. ಒಂಬತ್ತು ವರ್ಷದಿಂದ ಅವಳು ಒರೆಸುತ್ತಿದ್ದ ಕುರ್ಚಿಗಳು ಅವು, ಕೂತದ್ದು ಮೊದಲ ಸಲ. ಎದುರಿಗೆ ಸದಾಶಿವಯ್ಯ, ಸಿದ್ದಲಿಂಗಸ್ವಾಮಿ, ಕಾರ್ಖಾನೆಯ ಮಾಲೀಕರು. ಶಿವರಾಮುವಿಗೆ ಈ ಕೆಲಸ ಪೂರ್ತಿ ಕಲಿಸಲು ಎಷ್ಟು ದಿನ ಬೇಕು ಎಂದು ಮಾಲೀಕರು ಕೇಳಿದರು. ಒಂದು ವಾರ ಎಂಬ ಉತ್ತರಕ್ಕೆ ಅವರು ಆಗಲೇ ತಲೆಯಾಡಿಸಲು ತಯಾರಾಗಿದ್ದರು.

"ಎರಡು ವರ್ಸ ಬೇಕು ಸಾರ್," ಅಂದಳು ಪುಟ್ಟಲಿಂಗಮ್ಮ. "ನಮ್ಮವ್ವ ನಂಗೆ ಎರಡು ವರ್ಸ ಕಲಿಸ್ತು. ನಾನೇನು ದಡ್ಡಿ ಅಲ್ಲ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಲೀಕರು ಮುಗುಳುನಕ್ಕರು. ಇವಳು ಕುದುರಿಸುತ್ತಿದ್ದಾಳೆ ಎಂದು ಅವರಿಗೆ ಅರ್ಥವಾಗಿತ್ತು, ವ್ಯಾಪಾರಿಗೆ ವ್ಯಾಪಾರ ಅರ್ಥವಾಗದೆ ಇರುತ್ತದೆಯೇ. ಒಂದು ತಿಂಗಳಲ್ಲಿ ಕಲಿಸಿದರೆ ಐದು ಸಾವಿರ ಕೊಡುತ್ತೇನೆ ಎಂದರು. ಎರಡು ವರ್ಷ ಸಾರ್ ಎಂದಳು. ಹತ್ತು ಸಾವಿರ ಎಂದರು. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ದುಡ್ಡು ಕೊಟ್ರೆ ಬೆರಳು ಬಿರ‍್ನೆ ಕಲ್ತುಬುಡ್ತದಾ ಸಾರ್?"

ಸಿದ್ದಲಿಂಗಸ್ವಾಮಿ ಮಾಲೀಕರ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಅವರಿಗೆ ಇವಳ ಜುಲೈ ಹನ್ನೆರಡು ಗೊತ್ತಿತ್ತಲ್ಲ. ಖಾಯಂ ಆಗುವವರೆಗೆ ಇವಳು ಬಾಯಿ ಬಿಡುವುದಿಲ್ಲ ಸಾರ್, ಹುಷಾರು ಹೆಂಗಸು ಎಂದಿರಬೇಕು. ಅರ್ಧ ಗಂಟೆ ಚರ್ಚೆಯಾಯಿತು. ಪ್ರಾಜೆಕ್ಟನ್ನು ತರಬೇತಿಯ ಸಲುವಾಗಿ ಎರಡು ವರ್ಷ ಮುಂದುವರಿಸಬೇಕೆಂದು ಕೇಂದ್ರವೂ ಕಾರ್ಖಾನೆಯೂ ಸೇರಿ ದೆಹಲಿಗೆ ಬರೆದವು. ಕಾಗದದ ಕೊನೆಗೆ ಮಾಲೀಕರು ತಾವಾಗಿಯೇ ಸೇರಿಸಿದರು, ಸದರಿ ಕೆಲಸಗಾರರ ಸೇವೆ ಅನಿವಾರ್ಯ. ದೆಹಲಿ ಮಾರ್ಚ್ ಮೂವತ್ತಕ್ಕೆ ಒಪ್ಪಿತು.

ಸಭೆ ನಡೆದ ದಿನ ಸಾಯಂಕಾಲ ರಾಜೀವನಗರದ ಬಸ್ಸಿನಲ್ಲಿ, ಫೌಂಟನ್ ಸರ್ಕಲ್ ದಾಟುವಾಗ, ಪುಟ್ಟಲಿಂಗಮ್ಮನಿಗೆ ಸಭಾಂಗಣದ ನಗೆಯ ಅರ್ಥ ಹೊಳೆಯಿತು. ಕಿಟಕಿಯ ಕಡೆ ಮುಖ ಮಾಡಿ ನಕ್ಕಳು. ನಿಜ ಹೇಳಿದ್ದನ್ನು ಅವರು ಕುಯುಕ್ತಿ ಅಂದುಕೊಂಡಿದ್ದರು. ನಾಳೆ ಹೋಗಿ ಸಾರ್, ಅದು ನಿಜವೇ ಎಂದು ತಿದ್ದಬೇಕೆನಿಸಿತು. ತಿದ್ದಿದರೆ ಅದನ್ನೂ ಕುಯುಕ್ತಿ ಅಂದುಕೊಳ್ಳುತ್ತಾರೆ. ಸುಮ್ಮನಾದಳು. ಮನೆಗೆ ಹೋಗಿ ಸಣ್ಣಯ್ಯನಿಗೆ ಹೇಳಿದಾಗ, ನೀನು ಇಷ್ಟು ಬುದ್ಧಿವಂತೆ ಅಂತ ನನಗೂ ಗೊತ್ತಿರಲಿಲ್ಲ ಕಣೇ ಎಂದ. ಅವನನ್ನೂ ತಿದ್ದಲಿಲ್ಲ.

ಶಿವರಾಮು ವಾರಕ್ಕೆ ಮೂರು ದಿನ ಬಂದು ಕೂತು ಅರೆದ. ಪುಟ್ಟಲಿಂಗಮ್ಮ ಬೈಯದೆ, ನಗದೆ, ಒಂದೇ ಮಾತನ್ನು ನೂರು ಸಲ ಹೇಳಿಕೊಟ್ಟಳು. ಆರು ತಿಂಗಳಿಗೆ ಅವನ ಎಳೆ ಒಂದು ಗೇಣಿಗೆ ಇಳಿಯಿತು. ವರ್ಷಕ್ಕೆ ನಾಲ್ಕು ಬೆರಳಾಯಿತು. ಒಂದು ಬೆರಳಿಗೆ ಬಂದದ್ದು ಇಪ್ಪತ್ತಮೂರನೇ ತಿಂಗಳಲ್ಲಿ. ಆ ದಿನ ಅವನು ಪುಟ್ಟಲಿಂಗಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿ, ನೀವು ಅವತ್ತು ಸುಳ್ಳು ಹೇಳಿರಲಿಲ್ಲ ಅಮ್ಮ ಎಂದ. ಆ ಮಾತು ಹೇಳಿದವನು ಅವನೊಬ್ಬನೇ.

ಅಷ್ಟರಲ್ಲಿ ಆ ಸೆಲ್ಲುಗಳನ್ನು ಸಾವಿರ ಸಲ ತುಂಬಿ ಖಾಲಿ ಮಾಡಿ ನೋಡಿದ್ದರು. ನಾನೂರು ಸಲ ಆಗುವಷ್ಟರಲ್ಲಿ ಅಂಟು ಸೋತು, ಹಾಳೆಗಳು ಮತ್ತೆ ಮೆತ್ತಿಕೊಂಡು, ಅರ್ಧಕ್ಕರ್ಧ ಶಕ್ತಿ ಹೋಗುತ್ತಿತ್ತು. ಕಾರ್ಖಾನೆಯ ಮಾಲೀಕರು ಲೆಕ್ಕ ಹಾಕಿ, ಚೀನಾದಿಂದ ಸಿದ್ಧ ಸೆಲ್ ತರಿಸುವುದೇ ಅಗ್ಗ ಎಂದು ಒರಳನ್ನು ಗೋದಾಮಿಗೆ ಕಳಿಸಿದರು.

ಹತ್ತು ನಿಮಿಷಕ್ಕೆ ತುಂಬುವ ಬ್ಯಾಟರಿ ಅಂಗಡಿಗೆ ಬರಲಿಲ್ಲ. ಭಾನುಪ್ರಿಯಾಗೆ ಡಾಕ್ಟರೇಟ್ ಸಿಕ್ಕಿತು. ಸದಾಶಿವಯ್ಯನವರು ಪೇಟೆಂಟ್ ಪಡೆದರು. ಅದರಲ್ಲಿ ‘ಹೆಬ್ಬೆರಳ ಪರೀಕ್ಷೆ’ ಎಂಬ ಮಾತಿದೆ, ಹೆಬ್ಬೆರಳು ಯಾರದು ಎಂದಿಲ್ಲ. ಪುಟ್ಟಲಿಂಗಮ್ಮನ ಆದೇಶ ಎರಡು ಸಾವಿರದ ಒಂಬತ್ತರ ಆಗಸ್ಟಿನಲ್ಲಿ ಬಂದಿತ್ತು. ಅರೆಯುವವರ ಹುದ್ದೆ ಎಂಬುದು ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಕಸ ಗುಡಿಸುವ ಹುದ್ದೆಗೆ ಖಾಯಂ ಮಾಡಿದರು. ತಿಂಗಳಿಗೆ ನಾಲ್ಕು ಸಾವಿರದ ಎಂಟುನೂರು ಮೂಲ ವೇತನ, ಭಾನುವಾರಕ್ಕೂ ಸಂಬಳ.